ಹನ್ನೊಂದರಲ್ಲಿ ನಿಂತ ಮುಳ್ಳು

ಜಲಜ ಟೀಚರಿಗೆ ಸಿಟ್ಟು ಬಂದರೆ ಸ್ವರ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕುಂದಾಪುರದ ಹತ್ತಿರದ ತ್ರಾಸಿ ಊರಿನ ಆಚೆ, ಹೆದ್ದಾರಿಗೂ ಕಡಲಿಗೂ ನಡುವಿನ ಮೀನುಗಾರರ ಕೇರಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಆ ಸ್ವರ ಇಳಿಯಿತೆಂದರೆ ದೊಡ್ಡ ದೊಡ್ಡ ಗಂಡಸರೂ ಎದ್ದು ದಾರಿ ಬಿಡುತ್ತಿದ್ದರು.

ಉಡುಪಿ ಹೊಸ ಜಿಲ್ಲೆಯಾದ 1997ರಲ್ಲಿ ಅವಳು ಕೇರಿಯ ಅಂಗನವಾಡಿಗೆ ಸೇರಿದಳು. ಒಂದು ಹಂಚಿನ ಕೋಣೆ, ಮೂವತ್ತು ಮಕ್ಕಳು, ಒಂದು ಒಲೆ, ಜಂತಿಗೆ ಕಟ್ಟಿದ ಒಂದು ತೂಕದ ಯಂತ್ರ. ತಿಂಗಳಿಗೊಮ್ಮೆ ಮಕ್ಕಳನ್ನು ಯಂತ್ರದ ಚೀಲದಲ್ಲಿ ಕೂರಿಸಿ ತೂಗಿ, ಪುಸ್ತಕದಲ್ಲಿ ಬರೆಯಬೇಕು. ತೂಕ ತೀರ ಕಡಿಮೆಯಾದರೆ ಆ ಮಗು 'ಮೂರನೆಯ ದರ್ಜೆ'. ಹಾಗೆ ಬರೆದ ಮಗುವಿಗೆ ಎರಡು ಪಾಲು ಆಹಾರ ಬರುತ್ತದೆ. ವೈದ್ಯರ ತಪಾಸಣೆಗೆ ಚೀಟಿಯೂ ಬರುತ್ತದೆ. ಬರೆಯದಿದ್ದರೆ ಎರಡೂ ಇಲ್ಲ.

2000ದ ಮಳೆಗಾಲದಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಯಂತ್ರದ ಮುಳ್ಳು ಹನ್ನೊಂದು ಕಿಲೋದಲ್ಲಿ ನಿಂತುಬಿಟ್ಟಿತು. ಮಗು ಕುಳಿತರೂ ಹನ್ನೊಂದು, ತೆಂಗಿನಕಾಯಿ ಇಟ್ಟರೂ ಹನ್ನೊಂದು. ಜಲಜ ಇಲಾಖೆಗೆ ಐದು ಸಲ ಕಾಗದ ಬರೆದಳು. ಕೊನೆಗೊಂದು ದಿನ ಮೇಲ್ವಿಚಾರಕಿ ಪದ್ಮಾಕ್ಷಿ ಬಂದು, "ಹೊಸದು ಬರುವ ತನಕ ಹಿಂದಿನ ತಿಂಗಳ ತೂಕಕ್ಕೆ ಸ್ವಲ್ಪ ಸೇರಿಸಿ ಬರೆಯಿರಿ ಜಲಜ. ಮಕ್ಕಳು ಬೆಳೆದೇ ಬೆಳೆಯುತ್ತಾರಲ್ಲ?" ಎಂದು ಹೇಳಿ ಹೋದರು.

ಜಲಜ ಬರೆದಳು. ಒಂದು ವರ್ಷ ಬರೆದಳು.

ಮರುವರ್ಷದ ಮಳೆಗಾಲ. ಕಡಲಿಗಿಳಿಯುವಂತಿಲ್ಲ, ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲಿನ ಹೊದಿಕೆಯ ಕೆಳಗೆ. ಕೇರಿಯ ಗಂಜಿ ತೆಳ್ಳಗಾಗುವ ಕಾಲ ಅದು. ಒಂದು ಬೆಳಿಗ್ಗೆ ಒಣಮೀನು ಮಾರುವ ಅಕ್ಕು, ತನ್ನ ಮೊಮ್ಮಗಳು ಚಂದನಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿಗೆ ಎರಡೂವರೆ ವರ್ಷ. ಇನ್ನೂ ಗೋಡೆ ಹಿಡಿದೇ ನಡೆಯುತ್ತಿತ್ತು.

"ಟೀಚರೆ, ಹೆಣ್ಣಿನ ಕೈ ಕಾಣಿ. ಒಣಗ್ಸಿದ್ ಮೀನ್ ಇದ್ದಾಂಗ್ ಇತ್. ನಿಮ್ಮ್ ಪುಸ್ತಕ್ದಗೆ ಎಂತ ಬರ್ದಿರಿ?"

ಜಲಜ ಪುಸ್ತಕ ತೆರೆದಳು. ಹನ್ನೊಂದು. ಹನ್ನೊಂದೂ ಕಾಲು. ಹನ್ನೊಂದೂವರೆ. ಎಲ್ಲವೂ ಅವಳದೇ ದುಂಡನೆಯ ಅಕ್ಷರ. ಆ ಅಕ್ಷರಗಳನ್ನೂ ಮಗುವಿನ ಕೈಯನ್ನೂ ಅವಳು ಒಂದು ಗಳಿಗೆ ನೋಡಿದಳು. ಮೊದಲು ಸಿಟ್ಟು ಬಂದದ್ದು ತನ್ನ ಮೇಲೆಯೇ.

"ದೊಡ್ಡಮ್ಮ, ನಿಮ್ಮ್ ಮೀನ್ ತೂಗು ತಕ್ಕಡಿ ತಕಂಡ್ ಬನ್ನಿ," ಎಂದಳು ಅಕ್ಕುವಿಗೆ. ಸ್ವರ ಇಳಿದಿತ್ತು.

ತಕ್ಕಡಿಯನ್ನು ಜಂತಿಗೆ ಕಟ್ಟಿದರು. ಒಂದು ತಟ್ಟೆಯ ಮೇಲೆ ಮೀನಿನ ಖಾಲಿ ಬುಟ್ಟಿ, ಅದನ್ನು ಸರಿದೂಗಿಸಲು ಇನ್ನೊಂದರಲ್ಲಿ ಅಷ್ಟೇ ಭಾರದ ಕಗ್ಗಲ್ಲು. ಬುಟ್ಟಿಯಲ್ಲಿ ಚಂದನಾಳನ್ನು ಕೂರಿಸಿದಾಗ ಬಾಗಿಲಲ್ಲಿ ನೆರೆದ ಹೆಂಗಸರಿಗೆ ನಗೆ ತಡೆಯಲಾಗಲಿಲ್ಲ.

"ಹ್ವಾಯ್ ಅಕ್ಕು, ಈ ಬಂಗ್ಡಿ ಕಿಲೋಕ್ ಎಷ್ಟ್?" ಎಂದಳು ನೆರೆಮನೆಯ ಸರಸ.

"ನಿನ್ ಕೈಯಗೆ ತಕಂಬ್ಕ್ ಆಪ್ದಲ್ಲ, ಸುಮ್ನೆ ನಿಲ್ಲ್ ಮಾರಾಯ್ತಿ!"

ಅಕ್ಕು ಆ ತಟ್ಟೆಗೆ ಐದು ಕಿಲೋದ ಕಬ್ಬಿಣದ ತೂಕದ ಕಲ್ಲಿಟ್ಟಳು. ಎರಡರದನ್ನು ಇಟ್ಟಳು. ಆಮೇಲೆ ಅರ್ಧ ಕಿಲೋ. ತಕ್ಕಡಿ ಸಮವಾಗಿ ನಿಂತಿತು.

ಏಳೂವರೆ. ಬಾಗಿಲಿನ ನಗೆ ಅಲ್ಲಿಗೇ ನಿಂತಿತು.

ಆ ದಿನ ಮೂವತ್ತು ಮಕ್ಕಳನ್ನೂ ತೂಗಿದರು. ಚಂದನಾಳೂ ಸೇರಿ ನಾಲ್ವರು ಮೂರನೆಯ ದರ್ಜೆಯವರು. ಪಟ್ಟಿ ಇಲಾಖೆಗೆ ಹೋದ ಮೂರನೆಯ ದಿನವೇ ಪದ್ಮಾಕ್ಷಿ ಕೊಡೆ ಮಡಚುತ್ತ ಅಂಗನವಾಡಿಯ ಮೆಟ್ಟಿಲು ಹತ್ತಿದರು. ಐದು ಕಾಗದಗಳಿಗೆ ಬಾರದ ಅವಸರ ಒಂದು ಪಟ್ಟಿಗೆ ಬಂದಿತ್ತು.

"ಏನಿದು ಜಲಜ? ನಮ್ಮ ವಲಯದಲ್ಲಿ ಮೂರು ವರ್ಷದಿಂದ ಮೂರನೆಯ ದರ್ಜೆಯ ಮಗು ಒಂದೂ ಇಲ್ಲ."

"ಮಕ್ಕಳ್ ಇಲ್ದೆ ಅಲ್ಲ ಮೇಡಂ. ನಾವ್ ತೂಗ್ದೆ ಇದ್ದದ್ದಕ್ಕೆ."

"ನಮ್ಮದು ಮುಂದುವರಿದ ಜಿಲ್ಲೆ. ಓದಿನಲ್ಲಿ, ಆರೋಗ್ಯದಲ್ಲಿ ರಾಜ್ಯಕ್ಕೇ ಮಾದರಿ ಎನ್ನುತ್ತಾರೆ. ಇಂಥ ಮಕ್ಕಳು ಇರುವುದು ಬಡ ದೇಶಗಳಲ್ಲಿ. ನಾನು ಮೇಲಿನವರಿಗೆ ಏನೆಂದು ಉತ್ತರ ಹೇಳಲಿ?"

ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಅಕ್ಕುವಿನ ತಮ್ಮ ಕುಷ್ಟ ತಲೆಯೆತ್ತಿದ. ಹದಿನೆಂಟು ವರ್ಷ ಸರಕಿನ ಹಡಗಿನಲ್ಲಿ ದುಡಿದು ಬಂದವನು.

"ಮೇಡಮ್ರೆ, ಬಡ ದೇಶ ನಾನ್ ಕಂಡಿದೆ. ಕೊಲಂಬೊದಗೆ ಜನ ನಮ್ಮಷ್ಟೇ ಬಡವ್ರ್, ಮೇಲಿಂದ ಯುದ್ಧ ಬೇರೆ. ಆದ್ರೂ ನರ್ಸಮ್ಮ ಹೇಳಿದ್ ದಿನ ಮನಿ ಬಾಗ್ಲಿಗೆ ಬತ್ರ್, ಶಿಶು ತೂಗ್ತ್ರ್. ಇನ್ನೊಂದ್ ದೇಶದ್ ಬಂದರ್ ಇತ್, ನೆಲ ತೋಡಿರೆ ಎಣ್ಣೆ. ಸಾಯ್ಬ್ರಿಗೆಲ್ಲ ಬಂಗ್ಲೆ. ಮಕ್ಕಳ್ ಮಾತ್ರ ನಮ್ಮ್ ಚಂದನಾನ ಕಂಡಾಂಗೆ. ದುಡ್ಡಿಂದಲ್ಲ ಕಾಣಿ, ಹೇಳಿದ್ ಕೆಲ್ಸ ಮಾಡುವರ್ ಇದ್ರೊ ಇಲ್ಯೊ, ಅಷ್ಟೆ."

"ನಿಮ್ಮನ್ನು ಯಾರೂ ಕೇಳಲಿಲ್ಲ," ಎಂದರು ಪದ್ಮಾಕ್ಷಿ. ಪುಸ್ತಕವನ್ನು ಎಳೆದುಕೊಂಡು ಪೆನ್ನು ತೆಗೆದರು. "ಮೀನಿನ ತಕ್ಕಡಿಯಲ್ಲಿ ತೂಗಿದ್ದನ್ನು ಸರಕಾರ ನಂಬುವುದಿಲ್ಲ. ಮೀನಿನವರ ತೂಕ ಯಾರಿಗೆ ಗೊತ್ತಿಲ್ಲ? ಇದನ್ನು ಹೊಡೆದುಹಾಕುತ್ತೇನೆ."

ಮಗುವನ್ನು ಬಿಡಲು ಸರಸಳ ಜೊತೆ ಬಂದಿದ್ದ ಅಕ್ಕು, ಮಗುವನ್ನು ಅವಳ ಕೈಗಿತ್ತು ಮುಂದೆ ಬಂದಳು. ಇನ್ನೂ ತಕ್ಕಡಿಯ ಬಳಿಯೇ ಇದ್ದ ಐದು ಕಿಲೋದ ಕಲ್ಲನ್ನು ಎತ್ತಿ ಪುಸ್ತಕದ ಮೇಲೆಯೇ ಧಡಕ್ಕನೆ ಮಗುಚಿ ಇಟ್ಟಳು. ಅಡಿಯಲ್ಲಿ ಸೀಸದ ಬಿಲ್ಲೆ. ಬಿಲ್ಲೆಯ ಮೇಲೆ ಸರಕಾರದ ಮೊಹರು.

"ಕಾಣಿ ಅಮ್ಮ, ಇದ್ ಯಾರ್ದ್? ನಿಮ್ಮ್ ಸರ್ಕಾರದ್ದೇ ಅಲ್ದಾ? ಇನ್ಸ್‌ಪೆಕ್ಟ್ರ್ ಬಂದ್ ಮೊಹರ್ ಹಾಕಿ ಹೋತ್ರ್. ಒಂದ್ ಸಲ ತಪ್ಪಿರೆ ನನ್ನ್ ಕೋರ್ಟಿಗ್ ಎಳಿತ್ರ್. ಒಣ ಬಂಗ್ಡಿ ತೂಗುಕೆ ಮೊಹರ್ ಬೇಕ್, ಮಕ್ಕಳ್ ತೂಗುಕೆ ಬ್ಯಾಡ್ದಾ? ನಿಮ್ಮ್ ಯಂತ್ರದ್ ಮೊಹರ್ ಎಲ್ಲಿತ್? ತೋರ್ಸಿ ಕಾಂಬ!"

ಪದ್ಮಾಕ್ಷಿ ಪೆನ್ನಿಗೆ ಮುಚ್ಚಳ ಹಾಕಿದರು.

ಜಲಜ ಆ ಕಲ್ಲನ್ನು ಮೆಲ್ಲನೆ ಬದಿಗಿಟ್ಟು ಪುಸ್ತಕವನ್ನು ತನ್ನತ್ತ ತಿರುಗಿಸಿದಳು. ಕಲ್ಲಿನ ಮೊಹರಿನ ಸಂಖ್ಯೆಯನ್ನು ನೋಡಿ ಬರೆದು, ಪಕ್ಕದಲ್ಲಿ ಸೇರಿಸಿದಳು: 'ಸರಕಾರದ ಮೊಹರಿರುವ ತಕ್ಕಡಿಯಲ್ಲಿ ತೂಗಿದೆ.' ಅದರ ಕೆಳಗೆ ಇನ್ನೊಂದು ಸಾಲು: 'ಹಿಂದಿನ ಹನ್ನೆರಡು ತಿಂಗಳ ತೂಕ ಸುಳ್ಳು. ಬರೆದವಳು ನಾನು.' ಸಹಿ ಹಾಕಿ ತಾರೀಕು ಬರೆದಳು.

"ಜಲಜ, ನಿಮ್ಮ ಕೆಲಸ ಹೋಗುತ್ತದೆ," ಎಂದರು ಪದ್ಮಾಕ್ಷಿ. ಆ ಸ್ವರದಲ್ಲಿ ಬೆದರಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು.

"ಹೋಯ್ಲಿ ಮೇಡಂ. ಹೆಣ್ಣಿನ್ ಜೀವ ಹೋಪುಕಾಗ."

ಹೊಡೆದುಹಾಕಲಾಗದ ಬರಹ ಮೇಲೆ ಹೋಯಿತು. ಚೀಟಿ ಕೆಳಗೆ ಬಂದಿತು. ನಾಲ್ಕು ಮಕ್ಕಳನ್ನೂ ಜಲಜಳೇ ಬಸ್ಸು ಹತ್ತಿಸಿ ಕುಂದಾಪುರಕ್ಕೆ ಕರೆದೊಯ್ದಳು. ಹೊಟ್ಟೆಯಲ್ಲಿ ಹುಳ, ಮೈಯಲ್ಲಿ ರಕ್ತವಿಲ್ಲ ಎಂದರು ವೈದ್ಯರು. ಹುಳಕ್ಕೆ ಔಷಧ ಬಿತ್ತು, ತಟ್ಟೆಗೆ ಎರಡು ಪಾಲು ಬಿತ್ತು. ದೀಪಾವಳಿಯ ಹೊತ್ತಿಗೆ ಚಂದನಾ ಒಂಬತ್ತು ಕಿಲೋ ತೂಗಿದಳು. ಗೋಡೆ ಬಿಟ್ಟು ಅಂಗಳದಲ್ಲಿ ಓಡಿದಳು. ಆದರೆ ಕಳೆದ ಎತ್ತರ ಮರಳಿ ಬರಲಿಲ್ಲ. ಶಾಲೆಗೆ ಸೇರಿದ ಮೇಲೆ ಪ್ರಾರ್ಥನೆಯ ಸಾಲಿನಲ್ಲಿ ಪ್ರತಿ ವರ್ಷವೂ ಮೊದಲು ನಿಲ್ಲುವವಳು ಅವಳೇ. ಅದನ್ನು ನೋಡಿದಾಗಲೆಲ್ಲ ಜಲಜಳಿಗೆ ತಾನು ಬರೆದ ಹನ್ನೆರಡು ತಿಂಗಳ ತೂಕ ನೆನಪಾಗುತ್ತಿತ್ತು.

ಕೆಲಸ ಹೋಗಲಿಲ್ಲ. ಸುಳ್ಳು ತೂಕ ಬರೆದುದೇಕೆ ಎಂದು ವಿವರಣೆ ಕೇಳುವ ನೋಟೀಸು ಮಾತ್ರ ಬಂದಿತು, ಅವಳೊಬ್ಬಳಿಗೆ. ಬರೆಯಿರಿ ಎಂದವರಿಗೆ ಬರಲಿಲ್ಲ. ಐದು ಕಾಗದಗಳನ್ನು ಕಪಾಟಿನಲ್ಲಿ ಕೂಡಿಟ್ಟವರಿಗೂ ಬರಲಿಲ್ಲ.

ಹೊಸ ಯಂತ್ರ ಬಂದದ್ದು 2003ರಲ್ಲಿ. ಜೀಪಿನಿಂದ ಇಳಿಸಿದ ಗುಮಾಸ್ತ ರಸೀದಿಗೆ ಸಹಿ ಕೇಳಿದ. ಜಲಜ ಸಹಿ ಹಾಕಲಿಲ್ಲ. ಅಕ್ಕುವಿನ ಮನೆಯಿಂದ ಐದು ಕಿಲೋದ ಕಲ್ಲು ತರಿಸಿ ಯಂತ್ರದ ಚೀಲದಲ್ಲಿಟ್ಟಳು. ಮುಳ್ಳು ಐದೂವರೆಯ ಮೇಲೆ ನಿಂತಿತು.

ಗುಮಾಸ್ತ ಹಲ್ಲುಕಿರಿದ. "ಹೆಚ್ಚೇ ತೋರ್ಸ್ತದಲ್ಲ ಟೀಚರೆ, ಒಳ್ಳೇದೇ ಆಯ್ತಲ್ಲ?"

ಜಲಜ ಕಲ್ಲನ್ನು ಹೊರಗೆ ತೆಗೆದಳು.

"ವಾಪಾಸ್ ತಕಂಡ್ ಹೋಯ್ನಿ," ಎಂದಳು, ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಮೆಲ್ಲಗೆ. ಗುಮಾಸ್ತ ಯಂತ್ರವನ್ನು ಮತ್ತೆ ಜೀಪಿಗೆ ಏರಿಸಿದ.

ಸರಿಯಾದದ್ದು ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಆ ಬಳಿಕವೂ, ಅವಳು ಅಲ್ಲಿರುವಷ್ಟು ವರ್ಷ, ತೂಕದ ದಿನ ಮೊದಲು ಚೀಲಕ್ಕಿಳಿಯುತ್ತಿದ್ದುದು ಅಕ್ಕುವಿನ ಕಲ್ಲು. ಮಕ್ಕಳು ಅದರ ನಂತರ.