ಬಂಗಾರದ ಕೋಣೆಯಲ್ಲೊಂದು ಕಟ್ಟಿಗೆ ಮಣಿ

ಬೆಳಗಿನ ಆರೂವರೆ. ಬೀದರಿನ ಹಳೇ ಊರಿನ ಈ ಓಣಿಯಲ್ಲಿ ಹಾಲಿನವರ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಸಂಗ್ರಹಾಲಯದ ಬಂಗಾರದ ಕೋಣೆಯಲ್ಲಿ ಸಖುಬಾಯಿ ಒಂದು ಕಣ್ಣು ಮುಚ್ಚಿ, ಕತ್ತು ವಾರೆ ಮಾಡಿ ಗಾಜಿನ ಪೆಟ್ಟಿಗೆಯನ್ನು ನೋಡುತ್ತಿದ್ದಾರೆ. ಪೂರ್ವದ ಕಿಟಕಿಯಿಂದ ಬಿಸಿಲು ಹೀಗೆ ಅಡ್ಡಲಾಗಿ ಬೀಳುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಗಾಜಿನ ಮೇಲೆ ನಿನ್ನೆ ಬಂದವರು ಬಿಟ್ಟುಹೋದ ಬೆರಳು, ಹಣೆ, ಮೂಗಿನ ಗುರುತುಗಳು ಕಾಣುವುದು ಆಗಷ್ಟೇ. ಅದಕ್ಕೇ ಹತ್ತು ಗಂಟೆಗೆ ತೆರೆಯುವ ಸಂಗ್ರಹಾಲಯಕ್ಕೆ ಅವರು ಇಷ್ಟು ಬೇಗ ಬರುತ್ತಾರೆ.

"ಹತ್ತಕ್ಕ ಬಂದು ನೋಡಿದ್ರ ಗಾಜು ಸಾಫ್ ಅದ ಅನಸ್ತದ್ರಿ. ಈಗ ನೋಡ್ರಿ, ಊರಿಗೂರೇ ಮಾರಿ ಒತ್ತಿ ಹೋಗ್ಯಾದ," ಎನ್ನುತ್ತಾ ಹಳೇ ಧೋತರದ ತುಂಡನ್ನು ಒದ್ದೆ ಮಾಡಿ ಹಿಂಡುತ್ತಾರೆ. ರಾತ್ರಿ ಕಾವಲಿನ ಉಸ್ಮಾನ ಮಿಯಾ ಬಾಗಿಲು ತೆಗೆದುಕೊಟ್ಟು ಹೊಸ್ತಿಲ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದಾರೆ. ಪೆಟ್ಟಿಗೆಗಳ ಬೀಗದ ಕೈ ಇವರಿಬ್ಬರ ಹತ್ತಿರವೂ ಇಲ್ಲ.

ಸಖುಬಾಯಿಗೆ ನಲವತ್ತೇಳು ವರ್ಷ. ತವರು ಔರಾದ ತಾಲ್ಲೂಕಿನ ಸಂತಪುರದ ಪಕ್ಕ, ಕುರಿ ಸಾಕುವ ಮನೆತನ. ಮದುವೆಯಾಗಿ ಬಂದದ್ದು ಕಮಠಾಣಕ್ಕೆ. ಗಂಡ ಬಕ್ಕಪ್ಪ ಇಂದಿಗೂ ಅರವತ್ತು ಕುರಿಗಳ ಹಿಂದೆ ತಿರುಗುತ್ತಾರೆ, ಮೂರೆಕರೆ ಒಣಭೂಮಿಯಲ್ಲಿ ತೊಗರಿ ಬಿತ್ತುತ್ತಾರೆ. ಹನ್ನೊಂದು ವರ್ಷದ ಹಿಂದೆ ಕಸ ಗುಡಿಸಲು ಬಂದ ಸಖುಬಾಯಿ ಈಗ ಬಂಗಾರದ ಕೋಣೆಯ ಸಹಾಯಕಿ. ಕೆಲಸ ಮಾತ್ರ ಅಂದಿನಿಂದ ಇಂದಿನವರೆಗೂ ಗುತ್ತಿಗೆಯದೇ. ಒಂಬತ್ತು ಪೆಟ್ಟಿಗೆ, ನೂರಾ ಹದಿನೆಂಟು ವಸ್ತು, ಸಾಮಾನ್ಯ ದಿನ ಐವತ್ತು ಮಂದಿ, ಶಾಲಾ ಪ್ರವಾಸದ ತಿಂಗಳಲ್ಲಿ ಮುನ್ನೂರು. ಐದೂ ಮುಕ್ಕಾಲಿನ ಬಸ್ಸು ತಪ್ಪಿಸಿಕೊಂಡ ದಿನಗಳನ್ನು ಅವರು ಬೆರಳಲ್ಲಿ ಎಣಿಸುತ್ತಾರೆ. ಒಂದು ಕೈ ಸಾಕಾಗುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ನನ್ನ ಬಸ್ಸು ತಪ್ಪಿದ ದಿನ. ಔರಾದಿನಿಂದ ಬಂದು ಭಾಲ್ಕಿಗೆ ಹೋಗಬೇಕಿತ್ತು. ಕಣ್ಣೆದುರೇ ಬಸ್ಸು ಹೋಯಿತು, ತಲೆ ಸುಡುವ ಬಿಸಿಲು, ಸರಿ ಎಂದು ನೆರಳಿಗಾಗಿ ಸಂಗ್ರಹಾಲಯಕ್ಕೆ ನುಗ್ಗಿದೆ. ಹಿಂದಿನ ಕಾಲದ ಸಾಹುಕಾರರೊಬ್ಬರು ಕೂಡಿಟ್ಟ ಪ್ರಾಚೀನ ಬಂಗಾರವಂತೆ. ಬಂಗಾರವೆಂದರೆ ಮದುವೆ ಮನೆಯ ಝಗಮಗವೇ ಕಣ್ಮುಂದೆ ಬರುತ್ತದೆ; ಕಣ್ಣು ಕೋರೈಸೀತೆಂದು ಹೋದರೆ ನನಗೆ ಕಂಡದ್ದು ಪೆಟ್ಟಿಗೆಯ ಕಟ್ಟಿಗೆಯ ಚೌಕಟ್ಟು. ನನ್ನ ಎತ್ತರ ಐದಡಿಗೆ ಎರಡಿಂಚು ಕಡಿಮೆ. ತುದಿಗಾಲಲ್ಲಿ ನಿಂತು ಒದ್ದಾಡುತ್ತಿದ್ದಾಗ ಅಮ್ಮಾವರೇ ಎನ್ನುವ ಈ ಕಡೆಯ ಮರ್ಯಾದೆಯಲ್ಲಿ ಹಿಂದಿನಿಂದ ದನಿ ಬಂತು: "ಬಾಯೇರೆ, ಮಣಿ ತಗೋರಿ."

ಬಂಗಾರದ ಮಣಿಯನ್ನು ಕೈಗೇ ಕೊಡುತ್ತಾರಾ ಎಂದು ಬೆಚ್ಚಿ ತಿರುಗಿದೆ. ಸಖುಬಾಯಿ ಕಾಲಲ್ಲಿ ಒಂದು ಕಟ್ಟಿಗೆಯ ಮಣೆಯನ್ನು ನನ್ನ ಕಡೆ ಸರಿಸುತ್ತಿದ್ದರು. ಗೇಣೆತ್ತರದ, ನಾಲ್ಕು ಮೋಟು ಕಾಲಿನ, ಮೇಲೆ ನಿಂತರೆ ಅಲುಗಾಡದ ಮಣೆ. ಈ ಸೀಮೆಯಲ್ಲಿ ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ, ಮಣೆಯೂ ಮಣಿಯಾಗುತ್ತದೆ. ಹೀಗಾಗಿ ಕೊರಳಲ್ಲಿ ಹಾಕುವುದೂ ಮಣಿ, ಕುಂಡಿ ಊರುವುದೂ ಮಣಿ. ಇದು ನಗುವ ಸಂಗತಿ ಎಂದುಕೊಂಡು ನಾನು ಮಣೆ ಹತ್ತಿದೆ, ಬಂಗಾರ ನೋಡಿದೆ. ಇದೇ ಮಾತು ಸಖುಬಾಯಿಯ ಹನ್ನೊಂದು ವರ್ಷದ ಹೆಸರನ್ನು ಒಂದೇ ದಿನದಲ್ಲಿ ನುಂಗುವುದರಲ್ಲಿತ್ತು ಎಂದು ತಿಳಿದದ್ದು ಆಮೇಲೆ.

ಮೊದಲು ಮಣೆ ಯಾಕೆ ಬಂತು ಎಂಬುದನ್ನು ಹೇಳಬೇಕು. ನಾಲ್ಕು ವರ್ಷದ ಹಿಂದೆ ಸಂತಪುರದ ಕಡೆಯಿಂದ ಶಾಲೆಯ ಮಕ್ಕಳು ಬಂದಿದ್ದರು. ತವರಿನ ಮಕ್ಕಳು ಎಂದು ಸಖುಬಾಯಿಗೆ ಹಿಗ್ಗು. ಹೊರಗೆ ಹೋಗುವಾಗ ಒಂದು ಪುಟ್ಟ ಹುಡುಗಿಯನ್ನು ಏನು ನೋಡಿದಿ ಎಂದು ಕೇಳಿದರೆ ಅದು "ಕಟ್ಟಿಗಿ" ಎಂದಿತು.

"ಅಷ್ಟು ದೂರದಿಂದ ಬಸ್ಸಿನಾಗ ಬಂದು ಕಟ್ಟಿಗಿ ನೋಡಿ ಹೋತಲ್ಲ ಕೂಸು. ಮರದಿನ ಮುಂಜಾನಿ ನೋಡ್ತೇನಿ, ದೊಡ್ಡವ್ರ ಮೂಗಿನ ಗುರ್ತೆಲ್ಲ ಗಾಜಿನ ಮ್ಯಾಲ, ಸಣ್ಣವ್ರ ಗುರ್ತೆಲ್ಲ ಕಟ್ಟಿಗಿ ಮ್ಯಾಲ. ಹನ್ನೊಂದ್ ವರ್ಷದಾಗ ಏಳ್ ವರ್ಷ ಬರೇ ಒರಸಿದೆ, ನೋಡ್ಲಿಲ್ಲ ಅನಸ್ತು."

ಮಗಳು ಶೀತಲಳನ್ನು ಕೊಟ್ಟಿರುವುದು ಭಾಲ್ಕಿಗೆ. ಅಲ್ಲಿನ ಬಡಿಗ ಅಬ್ದುಲ ಗಫೂರ ಅವರ ಕೈಯಲ್ಲಿ ಸಖುಬಾಯಿ ಸ್ವಂತ ಖರ್ಚಿನಿಂದ ಮಣೆ ಮಾಡಿಸಿದರು. ಎತ್ತರ ಎಷ್ಟಿರಬೇಕೆಂದು ದಾರದಲ್ಲಿ ಗಂಟು ಹಾಕಿ ಕಳಿಸಿದ್ದರಂತೆ, ಕಟ್ಟಿಗೆಯ ಮೇಲಿನ ಮೂಗಿನ ಗುರುತಿನಿಂದ ಗಾಜಿನ ಅಂಚಿನವರೆಗೆ.

ಇನ್ನು ಆ ದಿನದ ಮಾತು. ಅದು ಸೋಮವಾರ, ಸಂಗ್ರಹಾಲಯಕ್ಕೆ ರಜೆ. ದಕ್ಷಿಣದ ಕಡೆಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದಿದ್ದರು. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಸಂಗ್ರಹಾಲಯದ ಉಸ್ತುವಾರಿ ವಿಶ್ವಾಸ ಎಂಬವರು ಪೆಟ್ಟಿಗೆಗಳ ಕೀಲಿ ಒಪ್ಪಿಸಿ, ಮಾವನ ಮನೆಯ ಗೃಹಪ್ರವೇಶಕ್ಕೆಂದು ಔರಾದಿಗೆ ಹೋಗಿದ್ದರು. ಎರಡನೆಯ ಪೆಟ್ಟಿಗೆಯ ಹಾರದಲ್ಲಿ ನಲವತ್ತೊಂದು ಬಂಗಾರದ ಮಣಿ ಇರಬೇಕು: ನಡುವೆ ಬಾರೆಕಾಯಿಯಷ್ಟು ದೊಡ್ಡದೊಂದು, ಅತ್ತಿತ್ತ ಜೋಳದ ಕಾಳಿನಷ್ಟು ಸಣ್ಣವು ನಲವತ್ತು. ಅಧಿಕಾರಿ ಮೂರು ಸಲ ಎಣಿಸಿದರು. ಮೂರು ಸಲವೂ ನಲವತ್ತೇ ಬಂತು. ಹದಿನೈದು ದಿನದ ಹಿಂದೆ ಹಾರದ ದಾರ ಬದಲಿಸಿದ್ದರು. ಆಗ ತಟ್ಟೆ ಹಿಡಿದು ನಿಂತಿದ್ದವರು ಯಾರು ಎಂದು ಕೇಳಿದರೆ ಸಖುಬಾಯಿ ಎಂದು ಗೊತ್ತಾಯಿತು. ಅಧಿಕಾರಿ ಕಮಠಾಣಕ್ಕೆ ಫೋನು ಹಚ್ಚಿದರು. ಅಂದಿನ ಮಾತುಕತೆಯನ್ನು ಸಖುಬಾಯಿ ಎರಡೂ ದನಿಯಲ್ಲಿ ಮಾಡಿ ತೋರಿಸುತ್ತಾರೆ.

"ಎರಡನೇ ಪೆಟ್ಟಿಗೆಯ ಮಣಿ ಎಲ್ಲಮ್ಮಾ?"

"ನಾನೇ ಒಯ್ದೇನ್ರಿ ಸಾಹೇಬ್ರೆ. ಶನಿವಾರ ಮನಿಗಿ ಒಯ್ದೆ."

"ಈಗ ಮನೆಯಲ್ಲಿದೆಯಾ?"

"ಇಲ್ರಿ. ಭಾಲ್ಕಿದಾಗ ಗಫೂರ ಚಾಚಾನ ದುಕಾನದಾಗ ಅದ. ಜರಾ ಸೀಳಿತ್ತು. ಹಚ್ಚಿ, ಪಾಲಿಶ್ ಮಾಡಿ ಕೊಡ್ತೇನಿ ಅಂದಾನ."

"ಯಾರನ್ನು ಕೇಳಿ ಒಯ್ದಿರಿ?"

"ಯಾರಿಗಿ ಕೇಳೋದ್ರಿ? ನಂದೇ ಮಣಿ ಅದ."

ಮಣೆಯ ಕಾಲೊಂದು ಸೀಳಿದ್ದು ನಿಜ. ಎರಡನೆಯ ಪೆಟ್ಟಿಗೆಯ ಬುಡದಲ್ಲೇ ಅದು ಸದಾ ಇರುತ್ತಿದ್ದದ್ದೂ ನಿಜ. ತವರಿಗೆ ಬಂದು ಭಾನುವಾರ ಗಂಡನ ಊರಿಗೆ ಹೊರಟ ಶೀತಲ ಅದನ್ನು ಭಾಲ್ಕಿಗೆ ಒಯ್ದು ಗಫೂರರಿಗೆ ಕೊಟ್ಟಿದ್ದಳು. ಸಖುಬಾಯಿ ಹೇಳಿದ ಒಂದೊಂದು ಮಾತೂ ಸತ್ಯ, ಒಂದೊಂದು ಮಾತೂ ಅವರ ಕೊರಳಿಗೆ ಉರುಲು. ಇತ್ತ ಅಧಿಕಾರಿ ಇಬ್ಬರು ಸಿಬ್ಬಂದಿಯನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಎಲ್ಲವನ್ನೂ ಬರೆದುಕೊಂಡರು. ಸಾಯಂಕಾಲದೊಳಗೆ ತಂದು ಒಪ್ಪಿಸದಿದ್ದರೆ ಪೊಲೀಸರಿಗೆ ತಿಳಿಸುವುದೆಂದೂ ತೀರ್ಮಾನಿಸಿದರು. ಸಖುಬಾಯಿಗೆ ಹೇಳಿದ್ದು ಮಾತ್ರ "ಈಗಲೇ ತನ್ನಿ" ಎಂದಷ್ಟೇ.

"ಒಂದ್ ಮಣಿ ಸಲುವಾಗಿ ಇಷ್ಟ್ ಅವಸರ ಯಾಕ ಅಂತ ವಿಚಾರ ಮಾಡ್ದೆ. ಪಾಪ, ಸಾಹೇಬ್ರೂ ಗಿಡ್ಡ ಇರಬೇಕು ಅನಕೊಂಡೆ," ಎಂದು ನನ್ನ ಕಡೆ ಒಮ್ಮೆ ನೋಡುತ್ತಾರೆ.

ಕಮಠಾಣದಿಂದ ಬೀದರ, ಬೀದರದಿಂದ ಭಾಲ್ಕಿ, ಭಾಲ್ಕಿಯಿಂದ ಮತ್ತೆ ಬೀದರ. ಮಣೆಯನ್ನು ಕೂಸಿನಂತೆ ಕಂಕುಳಲ್ಲಿ ಇರುಕಿಕೊಂಡು ಮಧ್ಯಾಹ್ನ ಮೂರಕ್ಕೆ ಅವರು ಬಂಗಾರದ ಕೋಣೆಗೆ ಬಂದರು. ಅಧಿಕಾರಿ ಎದ್ದು ನಿಂತರು. ಸಖುಬಾಯಿ ಮಣೆಯನ್ನು ಅವರ ಕಾಲ ಬಳಿ ಇಟ್ಟು, "ತಗೋರಿ," ಎಂದರು.

"ಇದೇನಿದು?"

"ಮಣಿ ರೀ."

"ತಮಾಷೆ ಮಾಡ್ತೀರಾ? ಬಂಗಾರದ ಮಣಿ ಎಲ್ಲಿ? ಒಯ್ದೆ ಅಂತ ನೀವೇ ಒಪ್ಪಿಕೊಂಡಿದ್ದೀರಿ."

ಇಲ್ಲಿಗೆ ಬಂದಾಗ ಸಖುಬಾಯಿಯ ದನಿ ಇಂದಿಗೂ ಇಳಿಯುತ್ತದೆ. "ಅದೇ ಮಣಿ ಮ್ಯಾಲ ಕುಂತೆ."

ಯಾಕೆ ಹಾಗೆ ಕುಳಿತುಬಿಟ್ಟರೆಂದು ಅರ್ಥವಾಗಲು ಅವರ ಇನ್ನೊಂದು ರೂಢಿ ಗೊತ್ತಿರಬೇಕು. ದಿನವೂ ಸಂಜೆ ಮನೆಗೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು, ಉಸ್ಮಾನ ಮಿಯಾನ ಕಣ್ಣೆದುರು ಸೆರಗು ಝಾಡಿಸಿ, ಒರೆಸುವ ಬಟ್ಟೆಯನ್ನೂ ಕೊಡವಿ ಹೋಗುತ್ತಾರೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಉಸ್ಮಾನ ಮಿಯಾ ಮುಜುಗರದಿಂದ ಬೇರೆ ಕಡೆ ನೋಡುತ್ತಾರೆ. "ಮೈಮ್ಯಾಲ ಗುಂಜಿ ಬಂಗಾರ ಇಲ್ಲದಕಿ ಬಂಗಾರದ ಕೋಣ್ಯಾಗ ಇರ್ತೇನಿ. ಏನರೆ ಕಮ್ಮಿ ಬಿದ್ರ ಮೊದಲ ಯಾರ ಹೆಸರ ಬರ್ತದ ನನಗ ಗೊತ್ತಿಲ್ಲೇನ್ರಿ?" ಎಂದು ಅವರು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ದಿನವೂ ಝಾಡಿಸಿದ ಸೆರಗು ಒಂದು ಮಾತಿಗೆ ಸುಳ್ಳಾಗಿಬಿಟ್ಟಿತ್ತು.

ಅಷ್ಟರಲ್ಲಿ ವಿಶ್ವಾಸ ಔರಾದಿನಿಂದ ಹಿಂತಿರುಗಿದರು. ಬರೆದುಕೊಂಡದ್ದನ್ನು ಓದಿ, ಮಣೆಯ ಮೇಲೆ ಕುಳಿತ ಸಖುಬಾಯಿಯನ್ನು ನೋಡಿ, ನಗಬಾರದೆಂದರೂ ತಡೆಯದೆ ನಕ್ಕುಬಿಟ್ಟರು. ಮಣೆಯ ಮಣಿ ಯಾವುದು, ಹಾರದ ಮಣಿ ಯಾವುದು ಎಂದು ಬಿಡಿಸಿ ಹೇಳಿದರು. ಅಧಿಕಾರಿಯ ಮುಖದಲ್ಲೂ ನಗು ಅರ್ಧ ಬಂತು, ಅಲ್ಲೇ ನಿಂತಿತು.

"ಅದೆಲ್ಲ ಸರಿ. ಆದರೆ ನಲವತ್ತೊಂದನೆಯ ಮಣಿ ಎಲ್ಲಿ?"

ಮಾತಿನ ಗಂಟು ಬಿಚ್ಚಿದರೂ ಎಣಿಕೆ ಕೂಡಿರಲಿಲ್ಲ. ಆಗ ಸಖುಬಾಯಿ ಎದ್ದರು. ತಾನು ಮುಟ್ಟುವುದಿಲ್ಲ, ದೂರದಿಂದ ನೋಡುತ್ತೇನೆ ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಾರದ ಮುಂದೆ ನಿಂತರು.

"ನನಗ ನಲವತ್ತು ನಲವತ್ತೊಂದು ತಿಳ್ಯಾಂಗಿಲ್ರಿ. ನಾಕನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ. ನಾವು ಕುರಿ ಎಣಸಾಂಗಿಲ್ಲ, ಮಾರಿ ನೋಡ್ತೇವಿ. ದೊಡ್ಡ ಮಣಿ ಎಡಕ್ಕ, ಅದಕ್ಕ ಹತ್ತಿ ಒಂದು ಚಪ್ಪಟಿ ಮಾರಿದು ಇರ್ತಿತ್ತು. ದಿನಾ ಗಾಜು ಒರಸೋ ಮುಂದ ನೋಡ್ತಿದ್ದೆ. ದಾರ ಬದಲಾದ ಮ್ಯಾಲ ಅಲ್ಲಿ ಬರೇ ದಾರ ಕಾಣ್ತಿತ್ತು. ಹೊಸಾ ಪೋಣಿಸೋದ್ ಹಂಗೇ ಇರಬೇಕು ಅನಕೊಂಡು ಸುಮ್ಮನಿದ್ದೆ, ಅದು ನನ್ನ ತಪ್ಪು." ನಂತರ ಅಧಿಕಾರಿಗೆ ಹೇಳಿದರಂತೆ: "ಮರಿ ಕಾಣವಲ್ದು ಅಂದ್ರ ನಮ್ಮವ್ರು ಊರೆಲ್ಲ ಹುಡಕಾಂಗಿಲ್ರಿ. ಮೊದಲ ತಾಯಿ ಹೊಟ್ಟಿ ಬುಡಕ ನೋಡ್ತಾರ. ನೀವೂ ಆ ದೊಡ್ಡದರ ಹೊಟ್ಟಿ ಒಳಗ ಜರಾ ನೋಡ್ರಿ."

ದೊಡ್ಡ ಮಣಿ ಟೊಳ್ಳು, ಅದರ ಎರಡೂ ಬಾಯಿ ಅಗಲ. ಅಧಿಕಾರಿ ಬೆಳ್ಳಗಿನ ಬಟ್ಟೆ ಹಾಸಿ, ದಾರ ಸಡಿಲಿಸಿ, ದೊಡ್ಡ ಮಣಿಯನ್ನು ಮೆಲ್ಲಗೆ ಓರೆ ಮಾಡಿದರು. ಅದರ ಬಾಯಿಂದ ಜೋಳದ ಕಾಳಿನಷ್ಟು ಬಂಗಾರ ದಾರದ ಮೇಲೇ ಜಾರಿ ಹೊರಗೆ ಬಂತು. ಒಂದು ಮಗ್ಗುಲು ಚಪ್ಪಟೆ. ನಲವತ್ತೊಂದು.

ಸಾಕ್ಷಿಗೆಂದು ಹಗಲಲ್ಲೂ ಉಳಿದಿದ್ದ ಉಸ್ಮಾನ ಮಿಯಾ "ಯಾ ಅಲ್ಲಾ" ಎಂದು ಗೋಡೆಗೆ ಒರಗಿದರಂತೆ. ವಿಶ್ವಾಸ ಚಹಾ ತರಿಸಿದರು. ಹೋದ ಜೀವ ಬಂದಂತಾಗಿ ಸಖುಬಾಯಿ ಅಳಲೂ ಇಲ್ಲ, ನಗಲೂ ಇಲ್ಲ, ಎರಡು ಕಪ್ಪು ಚಹಾ ಕುಡಿದರು. ಮುಂಜಾನೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಈ ಕಥೆ ಕೇಳುವಾಗ, ಎಲ್ಲ ಮುಗಿದು ಮೂರು ತಿಂಗಳಾಗಿದ್ದರೂ, ಮಣಿ ಹೊರಗೆ ಬಂತು ಎಂದಾಗ ನಾನು ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ನನಗೇ ಕೇಳಿಸಿತು.

ಅಧಿಕಾರಿ ಕೆಟ್ಟವರಲ್ಲ. ಬರೆದ ಹಾಳೆಯನ್ನು ಎಲ್ಲರ ಎದುರು ಹರಿದುಹಾಕಿದರು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದರು. ಸಂಜೆ ಸಖುಬಾಯಿ ಎಂದಿನಂತೆ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಹಾಕಿದಾಗ ಅವರು ಓಡಿಬಂದು, "ಬೇಡಮ್ಮ, ಬೇಡ," ಎಂದರಂತೆ. ಆ ದಿನ ಸಖುಬಾಯಿ ಝಾಡಿಸದೆ ಹೋದರು. ಮರುದಿನದಿಂದ ಮತ್ತೆ ಝಾಡಿಸುತ್ತಿದ್ದಾರೆ. "ರೂಢಿ ಆಗ್ಯಾದ್ರಿ. ಝಾಡಿಸಿದ್ರ ನಿದ್ದಿ ಬರ್ತದ," ಎನ್ನುವುದು ಅವರ ಸಮಜಾಯಿಷಿ.

ಬಿಸಿಲು ಈಗ ಗಾಜಿನಿಂದ ಇಳಿದು ನೆಲ ಮುಟ್ಟಿದೆ. ಒಂಬತ್ತೂ ಪೆಟ್ಟಿಗೆ ಒರೆಸಿ ಮುಗಿದಿದೆ. ಎರಡನೆಯ ಪೆಟ್ಟಿಗೆಯ ಮುಂದೆ ಮಣೆ ಇದೆ. ಅದರ ಹೊಸ ಕಾಲಿನ ಬಣ್ಣ ಉಳಿದ ಮೂರಕ್ಕಿಂತ ತುಸು ತಿಳಿ. ಅದರ ಮೇಲೆ ಹತ್ತಿ ನಾನು ಮತ್ತೊಮ್ಮೆ ಹಾರ ನೋಡುತ್ತೇನೆ. ದೊಡ್ಡದರ ಎಡಕ್ಕೆ ಚಪ್ಪಟೆ ಮುಖದ ಸಣ್ಣದು, ತನ್ನ ಜಾಗದಲ್ಲಿ ನೆಮ್ಮದಿಯಾಗಿದೆ. ಇಷ್ಟು ವರ್ಷದ ಸೇವೆಗೆ ನಿಮಗೆ ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು, ಇಂಥ ಬರಹಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತೇನೆ.

ಸಖುಬಾಯಿ ಧೋತರದ ತುಂಡನ್ನು ಕೊಡವಿ ಮಡಚುತ್ತಾ ಯೋಚಿಸುತ್ತಾರೆ. "ಸಾಲಿ ಮಕ್ಕಳು ಬಂದ್ರ ಒಂದರ ಮ್ಯಾಲ ನೂಕಾಡ್ತಾವ್ರಿ. ಇನ್ನೊಂದು ಮಣಿ ಆದ್ರ ಛಲೋ ಆಗ್ತದ."

ನಾನು ಅದೇ ಮಣೆಯ ಮೇಲೆ ಕುಳಿತು ಬರೆದುಕೊಳ್ಳುತ್ತೇನೆ. ಅವರು ಹತ್ತಿರ ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಪುಸ್ತಕದಲ್ಲಿ ಬೆರಳಿಟ್ಟು 'ಮಣಿ' ಎಂಬ ಆ ಒಂದು ಶಬ್ದವನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

"ಕಟ್ಟಿಗೀದು ಅಂತ ಬರೀರಿ, ಬಾಯೇರೆ."