ಹೇರ್‌ಫೀಲ್ಡಿನ ಅಟ್ಟದಲ್ಲಿ ಕಂಡ ಮಸಿ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾನ್ಮೋರಿನಲ್ಲಿರುವ ತಂಗಿಯ ಮನೆಯಿಂದ ಹೊರಟೆವು. ತಂಗಿ ವಸುಧಾ ಅಲ್ಲಿ ಡಾಕ್ಟರು. ನಾನು ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತಳಾದವಳು. ಅವಳ ಕಾರು ಗ್ಯಾರೇಜಿನಲ್ಲಿದ್ದುದರಿಂದ ಪಿನ್ನರ್‌ವರೆಗೆ ಬಸ್ಸು, ಅಲ್ಲಿಂದ ನಾರ್ತ್‌ವುಡ್‌ಗೆ ಟ್ಯೂಬು ರೈಲು, ಮತ್ತೆ ಬಸ್ಸು. ಬಸ್ಸಿಗೆ ತಲಾ ಒಂದು ಪೌಂಡ್ ಎಪ್ಪತ್ತೈದು ಪೆನ್ಸ್. ನಾರ್ತ್‌ವುಡ್ ದಾಟಿದ ಮೇಲೆ ಮನೆಗಳು ವಿರಳವಾಗಿ, ಕುದುರೆ ಮೇಯುವ ಹೊಲಗಳು ಶುರುವಾದವು. ಇದೂ ಲಂಡನ್ನೇ ಎಂದು ವಸುಧಾ ಹೇಳಿದಾಗ ನಾನು ನಂಬಲಿಲ್ಲ.

ನಾವು ಹೊರಟಿದ್ದು ಹೇರ್‌ಫೀಲ್ಡ್ ಎಂಬ ಹಳ್ಳಿಯ ಅಂಚಿನಲ್ಲಿದ್ದ ಒಂದು ಪುಟ್ಟ ಕಾಟೇಜಿಗೆ. ಅದು ಊರಿನ ಸಂಘವೊಂದರ ಆಸ್ತಿ. ವಾರಕ್ಕೆರಡು ಸಲ ವಸುಧಾ ಅಲ್ಲಿ ವಯಸ್ಸಾದವರಿಗೆ ಆರೋಗ್ಯದ ಮಾತು ಹೇಳುತ್ತಿದ್ದಳು. ಸಂಘದವರು ಅದನ್ನು ಕೆಡವಿ ದೊಡ್ಡ ಹಾಲ್ ಕಟ್ಟಲು ಹೊರಟಿದ್ದರು. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕೌನ್ಸಿಲ್ ಅಧಿಕಾರಿ ಅಂದು ಮಧ್ಯಾಹ್ನ ಎರಡಕ್ಕೆ ಬಂದು ಅದನ್ನು ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಅದಕ್ಕೆ ಮೊದಲು ನಾನೊಮ್ಮೆ ನೋಡಲಿ ಎಂಬುದು ತಂಗಿಯ ಆಸೆ.

ಮನೆ ತಗ್ಗಾಗಿತ್ತು. ಕೆಂಪು ಇಟ್ಟಿಗೆಯ ಗೋಡೆ, ಪಾಚಿ ಹಿಡಿದ ಹೆಂಚು, ಮಾಡಿನ ನಡುವಿನಿಂದ ಎದ್ದ ದಪ್ಪ ಚಿಮಣಿ. ಸಂಘದ ಕಾರ್ಯದರ್ಶಿ ರೋಜರ್ ಬಾಗಿಲು ತೆರೆದು ಬಿಸಿ ಚಹಾ ಕೊಟ್ಟರು. ಇದು ಕೂಲಿಯವರಿಗಾಗಿ ಕಟ್ಟಿದ ಮನೆ, ನೂರೈವತ್ತು ವರ್ಷಕ್ಕಿಂತ ಹಳೆಯದಲ್ಲ, ನೋಡಲು ಮುದ್ದಾಗಿದೆ ಅಷ್ಟೇ ಎಂದು ಸಮಾಧಾನವಾಗಿಯೇ ವಿವರಿಸಿದರು.

ನಾನು ಟೇಪು ಹಿಡಿದು ಅಳೆಯತೊಡಗಿದೆ. ಇಟ್ಟಿಗೆ ಗೋಡೆ ತೀರ ತೆಳುವಾಗಿತ್ತು. ಮೂಲೆಯಲ್ಲಿ ಸುಣ್ಣ ಉದುರಿದ ಕಡೆ ಒಳಗೆ ಓಕ್ ಮರದ ಕಂಬ, ಅದಕ್ಕೆ ಅಂಟಿದ ತಡಿಕೆ, ತಡಿಕೆಗೆ ಮೆತ್ತಿದ ಮಣ್ಣು ಕಾಣಿಸಿತು. ಮಹಡಿಯ ತೊಲೆಯೂ ಆ ಕಂಬಕ್ಕೆ ಕೂಡಿರಲಿಲ್ಲ. ಯಾರೋ ಆಮೇಲೆ ತಂದು ಸಿಕ್ಕಿಸಿದ ಹಾಗಿತ್ತು. ಅಟ್ಟಕ್ಕೆ ಹೋಗಬಹುದೇ ಎಂದು ಕೇಳಿದೆ. ರೋಜರ್ ಏಣಿ ತಂದರು.

"ಅಕ್ಕ, ನಿನ್ ಮಂಡಿಗೆ ಈ ಏಣಿ ಬೇಡ," ಎಂದಳು ವಸುಧಾ.

"ಆ ಮಾತು ನಿನ್ ಕ್ಲಿನಿಕ್‌ನಲ್ಲಿ ಹೇಳು. ಈಗ ಏಣಿ ಹಿಡ್ಕೋ," ಎಂದೆ.

ಟಾರ್ಚು ಹಾಕಿದರೆ ಅಟ್ಟದ ಮರವೆಲ್ಲ ಕಪ್ಪು. ಉಗುರಿನಿಂದ ಕೆರೆದರೂ ಬಾರದ, ಮಿರಮಿರ ಹೊಳೆಯುವ ಗಟ್ಟಿ ಮಸಿ. ನಂಜನಗೂಡಿನ ಹಳೆಯ ಛತ್ರವೊಂದರ ಅಡುಗೆಮನೆ ಅಳೆಯುವಾಗ ಇಂಥದ್ದೇ ಮಸಿಯನ್ನು ಕಂಡಿದ್ದೆ. ಬಹಳ ವರ್ಷ ಕಟ್ಟಿಗೆ ಉರಿದ ಕಡೆ ಮಾತ್ರ ಅದು ಕೂರುತ್ತದೆ. ಚಿಮಣಿ ಸೋರಿ ಹೀಗಾಗಿದೆ ಎಂದು ಕೆಳಗಿನಿಂದ ರೋಜರ್ ಹೇಳಿದರು. ನಾನು ತೆವಳಿಕೊಂಡು ಚಿಮಣಿಯ ಹತ್ತಿರ ಹೋದೆ. ಇಟ್ಟಿಗೆಗೂ ಅದರ ಪಕ್ಕದ ಮರಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು. ಅದರೊಳಗೆ ಬೆಳಕು ಬಿಟ್ಟೆ. ಇಟ್ಟಿಗೆಯ ಮೈ ಕೆಂಪಗೆ ಶುಭ್ರವಾಗಿತ್ತು. ಅದಕ್ಕೆ ಎದುರಾದ ಮರದ ಮೈ ಇದ್ದಿಲಿನಂತೆ ಕಪ್ಪಾಗಿತ್ತು.

ಅಷ್ಟು ಸಾಕಾಗಿತ್ತು. ಚಿಮಣಿ ಸೋರಿದ್ದರೆ ಇಟ್ಟಿಗೆಯೂ ಕಪ್ಪಾಗಬೇಕಿತ್ತು. ಚಿಮಣಿ ಬರುವ ಮೊದಲೇ ಮಸಿ ಬಂದಿತ್ತು. ಮಹಡಿಯೂ ಚಿಮಣಿಯೂ ಇಲ್ಲದ ಕಾಲದಲ್ಲಿ ನೆಲದ ನಡುವೆ ಬೆಂಕಿ ಹಾಕಿ, ಹೊಗೆಯನ್ನು ಮಾಡಿನ ಸಂದಿಯಿಂದ ಹೋಗಲು ಬಿಟ್ಟ ಒಂದೇ ಕೋಣೆಯ ಮನೆ ಇದು. ಇಟ್ಟಿಗೆ, ಅದಕ್ಕೆ ಆಮೇಲೆ ತೊಡಿಸಿದ ಅಂಗಿ.

ಕೆಳಗಿಳಿದು, ತಂದಿದ್ದ ಒಗ್ಗರಣೆ ಅವಲಕ್ಕಿಯನ್ನು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ, ಮನೆಯನ್ನು ನಡುವೆ ಸೀಳಿ ಒಳಗನ್ನು ತೋರಿಸುವ ಅಡ್ಡಸೀಳು ನಕ್ಷೆ ಬರೆದೆ. ಎರಡು ಗಂಟೆಗೆ ಸರಿಯಾಗಿ ಬಂದ ಅಧಿಕಾರಿ ಹೆಲೆನ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಾನು ಕಂಡದ್ದನ್ನು ನನ್ನ ಇಂಗ್ಲಿಷಿನಲ್ಲೇ ಹೇಳಿದೆ. ಆಕೆ ಅಟ್ಟ ಹತ್ತಿ ಅರ್ಧ ಗಂಟೆ ಇಳಿಯಲೇ ಇಲ್ಲ. ಇಳಿದಾಗ ಮೂಗು, ಗಲ್ಲ ಎಲ್ಲ ಧೂಳು.

"ಐನೂರು ವರ್ಷವಾದರೂ ಆಗಿರಬೇಕು. ಇದನ್ನು ಕೆಡವಲು ನಾನು ಒಪ್ಪಿಗೆ ಕೊಡುವುದಿಲ್ಲ," ಎಂದರು.

ರೋಜರ್ ಆ ಓಕ್ ಕಂಬದ ಮೇಲೆ ಅಂಗೈ ಇಟ್ಟು, ಹದಿನೆಂಟು ವರ್ಷದಿಂದ ಇದಕ್ಕೆ ಕೋಟು ನೇತುಹಾಕುತ್ತಿದ್ದೇನೆ ಎಂದು ನಕ್ಕುಬಿಟ್ಟರು. ಹೊಸ ಹಾಲ್ ಅನ್ನು ಹಿತ್ತಲಿನ ಖಾಲಿ ಜಾಗದಲ್ಲಿ ಕಟ್ಟಬಹುದೇ ಎಂದು ಅವರೇ ಕೇಳಿದರು. ಹೆಲೆನ್ ನೋಡೋಣ ಎಂದರು.

ಕಡತಕ್ಕೆ ನನ್ನ ನಕ್ಷೆ ಬೇಕು, ಸಹಿ ಹಾಕಿ ಎಂದು ಹೆಲೆನ್ ಪೆನ್ನು ಚಾಚಿದರು. ಇಲಾಖೆಯಲ್ಲಿ ನಾನು ಬರೆದ ನಕ್ಷೆಗಳ ಅಡಿಯಲ್ಲಿ ದೊಡ್ಡದಾಗಿ ಇರುತ್ತಿದ್ದುದು ಎಂಜಿನಿಯರರ ಸಹಿ. ನನ್ನದು ಮೂಲೆಯಲ್ಲಿ ಎರಡಕ್ಷರ. ಈ ಸಲ ಕನ್ನಡದಲ್ಲಿ, ಪೂರ್ತಿ ಹೆಸರು ಬರೆದೆ.

ನಾಲ್ಕರ ಬಸ್ಸು ಆ ಮನೆಯ ಮುಂದೆಯೇ ಹಾದುಹೋಯಿತು. ನಾನು ಎದ್ದು ನಿಂತೆ. ಡ್ರೈವರು ಕೂರಲು ಹೇಳಿದರು, ವಸುಧಾ ಸೆರಗು ಎಳೆದಳು. ಆ ಹೆಂಚಿನ ಮಾಡು ತಿರುವಿನಲ್ಲಿ ಪೂರ್ತಿ ಮರೆಯಾಗುವವರೆಗೂ ನಾನು ಕೂರಲಿಲ್ಲ.