ಹುಂಡಿಯಲ್ಲಿ ಸಿಕ್ಕ ನೇಪಾಳದ ನೋಟು

ನೇಪಾಳದ ಯಾತ್ರೆ ಮುಗಿಸಿ ಗಡಿಗೆ ಬಂದಾಗ, ನಮ್ಮ ಓಣಿಯ ಗುಡಿಗೆ ಹೂ ಕಟ್ಟುತ್ತಿದ್ದಾಕೆ ತನ್ನಲ್ಲಿ ಉಳಿದಿದ್ದ ಐದು ನೇಪಾಳಿ ನೋಟುಗಳನ್ನು ನನ್ನ ಕೈಗಿಟ್ಟಳು. ಆಕೆಯೂ ನಮ್ಮ ಬಸ್ಸಿನಲ್ಲೇ ಬಂದಿದ್ದಳು.

"ಅಣ್ಣಾರ, ಬದಲಿ ಮಾಡೂ ಅಂಗಡಿ ಮುಂದ ಭಾಳ ಗದ್ದಲ ಐತ್ರಿ. ಇವನ್ನ ನೀವಽ ಇಟ್ಕೊಂಡು ನಮ್ಮ ರೊಕ್ಕ ಕೊಡ್ರಿ."

ಕೊಟ್ಟೆ. ಅವನ್ನು ನನ್ನಲ್ಲಿ ಉಳಿದಿದ್ದ ನೇಪಾಳಿ ನೋಟುಗಳ ಜೊತೆ ಮಡಚಿಟ್ಟುಕೊಂಡೆ. ಅಷ್ಟರಲ್ಲಿ ಬಸ್ಸಿನವ ಹಾರ್ನ್ ಹೊಡೆದ. ಬದಲಿಸದೆಯೇ ಹತ್ತಿದೆ.

ಹುಬ್ಬಳ್ಳಿಗೆ ಬಂದ ಮೇಲೆ ಕೇಶ್ವಾಪುರದಲ್ಲಿ ನೋಟು ಬದಲಿಸುವ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಡಾಲರ್ ಇದ್ರ ಕೊಡ್ರಿ ಕಾಕಾ. ಇವನ್ನ ನಾವು ತಗೊಳ್ಳೂದಿಲ್ಲ" ಎಂದರು. ಸುಖವಾಗಿ ತಿರುಗಿ ಬಂದರೆ ಓಣಿಯ ಈಶ್ವರನಿಗೆ ಐನೂರು ರೂಪಾಯಿ ಹಾಕುತ್ತೇನೆಂದು ಹರಕೆ ಹೊತ್ತಿದ್ದೆ. ಅದರ ಬದಲು ಆ ಮಡಚಿದ ನೋಟುಗಳನ್ನೇ ಹುಂಡಿಯಲ್ಲಿ ತುರುಕಿದೆ. ಅಲ್ಲಿರುವವನೂ ಶಿವ, ಇಲ್ಲಿರುವವನೂ ಶಿವ ಎಂದುಕೊಂಡೆ. ಪಿಂಚಣಿ ಬರುತ್ತಿತ್ತು, ಐನೂರು ನನಗೆ ಕಷ್ಟವಿರಲಿಲ್ಲ.

ಹುಂಡಿ ಎಣಿಸುವವರಲ್ಲಿ ನಾನೂ ಒಬ್ಬ. ಜಮಖಾನೆಯ ಮೇಲೆ ಪೆಟ್ಟಿಗೆ ಬೋರಲು ಹಾಕಿದಾಗ ಆ ನೋಟುಗಳ ಕಟ್ಟು ನನ್ನ ಮೊಣಕಾಲ ಹತ್ತಿರವೇ ಬಿತ್ತು. ಗುಡಿಯ ಕಾರ್ಯದರ್ಶಿ ಬಿಚ್ಚಿ ನೋಡಿದ.

"ಏ, ದೇವರಿಗೇ ಟೋಪಿ ಹಾಕ್ಯಾರೋ! ಇವನ್ನ ಖರ್ಚು ಮಾಡಾಕ ಈಶ್ವರ ಈಗ ನೇಪಾಳದ ಬಸ್ ಹತ್ತಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರ್ಯದರ್ಶಿ ನನ್ನ ಕಡೆ ತಿರುಗಿದ.

"ನಮ್ಮ ಓಣ್ಯಾಗಿಂದ ಹೋದವರು ನೀವು, ಮತ್ತ ಆ ಹೂವಿನಾಕಿ. ನೀವಂತೂ ಹಿಂಗ ಮಾಡೂ ಪೈಕಿ ಅಲ್ಲ. ಆಕಿ ಹತ್ರ ಇಂಥಾ ನೋಟು ಇದ್ದವೇನ್ರಿ ಕಾಕಾ?"

"ಇದ್ದವು" ಎಂದೆ. ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿ ಚಿಲ್ಲರೆ ಎಣಿಸತೊಡಗಿದೆ. ಅವನ್ನು ನನಗೆ ಕೊಟ್ಟಳು ಎಂದರೆ, ನೀವೇನು ಮಾಡಿದಿರಿ ಎಂದು ಕೇಳುತ್ತಿದ್ದರು.

ಮರುದಿನವೇ ಗುಡಿಯ ಹೂವಿನ ಕೆಲಸ ಬೇರೆಯವರಿಗೆ ಹೋಯಿತು. ಆಕೆ ನನ್ನ ಮನೆಗೆ ಬಂದಳು. ಹೊಸ್ತಿಲು ದಾಟಲಿಲ್ಲ.

"ಅಣ್ಣಾರ, ಗಡಿಯಾಗ ನಿಮಗಽ ಕೊಟ್ಟಿದ್ನಲ್ಲರಿ. ಅಷ್ಟು ಹೇಳ್ರಿ, ಸಾಕು."

"ನನಗ ನೆನಪಿಲ್ಲ ತಂಗಿ."

ಆಕೆ ನನ್ನ ಮುಖ ನೋಡಿದಳು. "ನೆನಪು ಮಾಡ್ಕೋರಿ" ಎಂದು ಹೋದಳು.

ಎರಡು ವರ್ಷವಾಯಿತು. ಈಗ ಆಕೆ ಉಣಕಲ್ಲಿನಲ್ಲಿ ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಹೂ ಮಾರುತ್ತಾಳೆ. ಧಾರವಾಡಕ್ಕೆ ಹೋಗುವಾಗ ಬಸ್ಸಿನಲ್ಲಿ ನಾನು ಆ ಬದಿಯ ಕಿಟಕಿಗೆ ಕೂರುತ್ತಿರಲಿಲ್ಲ. ಹೋದ ವಾರ ಅಲ್ಲಿ ಇಳಿದೆ. ಬುಟ್ಟಿಯ ಮುಂದೆ ನಿಂತು ಎಲ್ಲ ಹೇಳಿದೆ. ಆಕೆ ಕಟ್ಟುತ್ತಿದ್ದ ಮಾಲೆಯನ್ನು ಬಿಡಲಿಲ್ಲ.

"ನನಗ್ಯಾಕ ಹೇಳ್ತೀರಿ? ನನಗ ಅವತ್ತಽ ಗೊತ್ತಾಗಿತ್ತು. ಜಮಖಾನಿ ಮ್ಯಾಲೆ ಕೂತವರಿಗೆ ಹೇಳ್ರಿ."

ಸೋಮವಾರ ಮತ್ತೆ ಎಣಿಕೆ. ಆ ನೋಟುಗಳು ಇನ್ನೂ ಗುಡಿಯ ಕಪಾಟಿನಲ್ಲಿವೆ. ಹೇಳಿಬಿಡಬೇಕೆಂದು ಈ ಮೊದಲೂ ಎರಡು ಸಲ ಹೋಗಿ, ಚಿಲ್ಲರೆ ಎಣಿಸಿ ಎದ್ದು ಬಂದಿದ್ದೇನೆ. ಅದಕ್ಕೇ ಈ ಸಲ ಮೊದಲು ಬರೆದೆ. ಇದರದೊಂದು ಪ್ರತಿಯನ್ನು ಇಂದು ಬೆಳಿಗ್ಗೆ ಕಾರ್ಯದರ್ಶಿಯ ಮನೆಯ ಬಾಗಿಲ ಸಂದಿಯಲ್ಲಿ ಹಾಕಿ ಬಂದಿದ್ದೇನೆ. ಇನ್ನು ನೆನಪಿಲ್ಲ ಎನ್ನಲು ಬರುವುದಿಲ್ಲ.